ಫ್ರುಟಿಯಾರ್‌ಗೆ ಒಂದು ದಿನ ಸಾಕು

ಚಿಲಿಯ ಪುಯೆರ್ಟೊ ವರಾಸ್‌ನಲ್ಲಿ ಉಳಿದುಕೊಂಡು, ಸರೋವರದ ದಂಡೆಯ ಪುಟ್ಟ ಊರು ಫ್ರುಟಿಯಾರ್‌ಗೆ ಒಂದು ದಿನ ಸಾಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು, ದಾರಿ ಸುಮಾರು 30 ಕಿ.ಮೀ. ಅಷ್ಟೆ. ಆದರೆ ಬಸ್ಸು ಸಾಮಾನ್ಯವಾಗಿ ಫ್ರುಟಿಯಾರ್‌ನ ಮೇಲಿನ ಭಾಗದಲ್ಲಿ ಇಳಿಸುತ್ತದೆ. ಅಲ್ಲಿಂದ ಸರೋವರದ ದಂಡೆಗೆ ಶೇರ್ ಟ್ಯಾಕ್ಸಿ ಹಿಡಿಯಿರಿ.

ಹೆಚ್ಚು ಹೊತ್ತನ್ನು ಜರ್ಮನ್ ವಸಾಹತು ಮ್ಯೂಸಿಯಂಗೇ ಕೊಡಿ. 1850ರ ದಶಕದಲ್ಲಿ ಕಾಡು ಕಡಿದು ನೆಲೆಯೂರಿದವರ ಬದುಕು ಕಣ್ಣಿಗೆ ಕಟ್ಟುತ್ತದೆ: ನೀರಿನಿಂದ ತಿರುಗುವ ಗಿರಣಿ, ಕಮ್ಮಾರನ ಮನೆ. ಊರಿನ ಹಳೇ ಮನೆಗಳ ಗೋಡೆಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ಮರದ ಹಲಗೆಬಿಲ್ಲೆಗಳನ್ನು ಹತ್ತಿರದಿಂದ ನೋಡಿ, ಎಷ್ಟು ಚಂದ! ಕುಹೆನ್ ಎಂಬ ಹಣ್ಣಿನ ಕೇಕ್ ಬಿಡಬೇಡಿ. ಮೊಟ್ಟೆ ತಿನ್ನದವರಾದರೆ ಮೊದಲೇ ವಿಚಾರಿಸಿ.

ಮೋಡವಿಲ್ಲದ ದಿನ ನೋಡಿಕೊಂಡು ಹೋಗಿ, ಆಗಲೇ ಆಚೆ ದಡದ ಒಸೊರ್ನೊ ಜ್ವಾಲಾಮುಖಿ ಕಾಣುವುದು. ಅಲ್ಲಿನ ಬೇಸಿಗೆಯ (ಡಿಸೆಂಬರ್‌ನಿಂದ ಫೆಬ್ರವರಿ) ಸಂಗೀತೋತ್ಸವದ ಹೊತ್ತಿಗಾದರೆ ಟಿಕೆಟ್ ಮುಂಚೆಯೇ ಮಾಡಿಸಿ.