ಸಣ್ಣ ವ್ಯಾಪಾರಿಗಳು ಸಲಹೆಗಾರರ ಹತ್ತಿರ ಯಾಕೆ ಹೋಗುವುದಿಲ್ಲ? ಮತ್ತೆ ಯಾರನ್ನು ಕೇಳುತ್ತಾರೆ?

ಸಲಹೆ ಕೇಳುತ್ತಾರೆ, ಆದರೆ ಅದಕ್ಕೆಂದೇ ಫೀಸು ತೆಗೆದುಕೊಳ್ಳುವವರನ್ನಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು ಮೊದಲು ಕೇಳುವುದು ಭತ್ತ ಕೊಡುವ ವ್ಯಾಪಾರಿಯನ್ನು, ಪಕ್ಕದ ಭಟ್ಟಿಯವರನ್ನು, ಆಮೇಲೆ ಜಿಎಸ್‌ಟಿ ನೋಡಿಕೊಳ್ಳುವ ಅಕೌಂಟೆಂಟನ್ನು.

ಕಾರಣ ಇಷ್ಟೇ. ಭತ್ತವನ್ನಾದರೆ ಅಂಗೈಯಲ್ಲಿ ಉಜ್ಜಿ, ಒಂದೆರಡು ಕಾಳು ಕಚ್ಚಿ ನೋಡಿ ದುಡ್ಡು ಕೊಡಬಹುದು. ಸಲಹೆಯನ್ನು ಹಾಗೆ ಕಚ್ಚಿ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಜನ ಮಾತನ್ನು ಬಿಟ್ಟು ಮಾತಾಡುವವರನ್ನು ತೂಗುತ್ತಾರೆ. ವರ್ಷಗಟ್ಟಲೆ ಉದ್ರಿ ಕೊಟ್ಟು, ಕಷ್ಟಕಾಲದಲ್ಲಿ ವಾರ ತಡವಾದರೂ ಸುಮ್ನೆ ಇದ್ದವರ ಮಾತಿಗೆ ಬೆಲೆ ಜಾಸ್ತಿ.

ತೊಂದರೆ ಇರುವುದೂ ಅಲ್ಲೇ. "ಇನ್ನೂ ಹತ್ತು ಚೀಲ ಇಳಿಸಿಕೊಳ್ಳಿ" ಅನ್ನುವವರಿಗೆ ಅದರಲ್ಲಿ ಲಾಭವಿದೆ. ಪಕ್ಕದವರು ಗೆಳೆಯರೂ ಹೌದು, ಪೈಪೋಟಿಯೂ ಹೌದು. ಅಕೌಂಟೆಂಟ್‌ಗೆ ತೆರಿಗೆ ಗೊತ್ತು, ಮಂಡಕ್ಕಿ ಎಲ್ಲಿ ಮಾರಬೇಕು ಅನ್ನುವುದು ಗೊತ್ತಿರಬೇಕೆಂದಿಲ್ಲ.

ಸರ್ಕಾರದ ನೆರವೂ ಉಂಟು. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಘಟಕಗಳಿಗೆ ಬ್ಯಾಂಕ್ ಸಾಲ ಪಡೆದರೆ ಪ್ರಾಜೆಕ್ಟ್ ವೆಚ್ಚದ 35% (ಗರಿಷ್ಠ 10 ಲಕ್ಷ ರೂಪಾಯಿ) ಸಹಾಯಧನದ ಕೇಂದ್ರ ಯೋಜನೆ, ಅರ್ಜಿ ಮತ್ತು ಪ್ರಾಜೆಕ್ಟ್ ರಿಪೋರ್ಟ್‌ಗೆ ಸಹಾಯ ಮಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಇಟ್ಟಿತು. ಅವರಿಗೆ ದುಡ್ಡು ಸಿಗುವುದು ಸಾಲ ಮಂಜೂರಾದ ಮೇಲೆ. ಫೈಲ್ ಓಡಿಸಲು ಇದು ಒಳ್ಳೆಯದೇ. ಆದರೆ "ಸಾಲವೇ ಬೇಡ, ಹಳೇ ಭಟ್ಟಿಯಲ್ಲೇ ಇನ್ನೆರಡು ವರ್ಷ ನಡೆಸಿ" ಎನ್ನುವ ಮಾತು ಅವರ ಬಾಯಲ್ಲಿ ಬರುವುದು ಕಷ್ಟ. ಅದನ್ನು ಪಕ್ಕದ ಭಟ್ಟಿಯವರನ್ನೇ ಕೇಳಬೇಕು.