ಸ್ಪೋರ್ಟ್ಸ್ ಇಂಟರ್ನ್‌ಶಿಪ್ ಫ್ರೆಂಡ್ಸು ಆಮೇಲೂ ಉಳೀತಾರಾ ಅಂದ್ರಲ್ಲ
ಅಥ್ಲೆಟಿಕ್ಸ್ ಮೀಟ್ ಇಂಟರ್ನ್‌ಶಿಪ್ಪು, ಬಿಸ್ಲು, ಬೈಗುಳ, ಸ್ಟೈಪೆಂಡೂ ಬಂದಿಲ್ಲ, ಜೊತೆಗಿರೋರು ಮಾತ್ರ ಚೆನ್ನಾಗಿದಾರೆ ಆದ್ರೆ ಇದೆಲ್ಲ ಮುಗಿದ್ಮೇಲೆ ಉಳಿಯತ್ತಾ ಅಂತ ಕೇಳಿದೀರ. ನಂಗಂತೂ ಉಳಿದಿದೆ ನೋಡಿ. ನಾನು ಮಾಡಿದ್ದೂ ಬೆಂಗಳೂರಲ್ಲೇ, ಏಪ್ರಿಲ್-ಮೇ, ಕಂಪನಿ ಹೆಸ್ರು ಬೇಡ ಬಿಡಿ. ನಂಗೂ ಒಬ್ಳು ದಾವಣಗೆರೆ ಹುಡುಗಿಗೂ ವಿಂಡ್ ಗೇಜ್ ಹತ್ರ ಡ್ಯೂಟಿ, 100 ಮೀಟರ್‌ಗೆ ಗನ್ ಹೊಡೆದಾಗಿಂದ 10 ಸೆಕೆಂಡ್ ಗಾಳಿ ಅಳೀಬೇಕು, ಲಾಂಗ್ ಜಂಪ್‌ಗಾದ್ರೆ 5, ಹಿಂದಿನಿಂದ ಬೀಸೋ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದ್ರೆ ರೆಕಾರ್ಡು ಲೆಕ್ಕಕ್ಕಿಲ್ಲ, ಆಗ ಕೋಚ್‌ಗಳೆಲ್ಲ ಗಾಳೀನ ನಾವೇ ಊದಿದ ಹಾಗೆ ರೇಗೋರು. ಅವಳು ತಲೆ ಎತ್ತದೆ 'ಪ್ಲಸ್ 2.3 ಸರ್' ಅಂತ ಮತ್ತೆ ಅದೇ ಓದೋಳು! ಸಂಜೆ ಹರ್ಡಲ್ಸ್ ಎಲ್ಲಾ ಹೊತ್ತು ಒಳಗಿಟ್ಟು ಗೇಟ್ ಹತ್ರ ಬೈಟು ಕಾಫಿ, ಅದ್ರಲ್ಲೂ ನಾವಿಬ್ರು, ಜೊತೆಗೆ ಇನ್ನೊಬ್ರು ಇಂಟರ್ನ್ ಸೇರಿ ಮೂರು ಜನ. ಅಪ್ಪಂಗೆ ಆಪರೇಷನ್ ಆದಾಗ ರಾತ್ರಿಯೆಲ್ಲಾ ಆಸ್ಪತ್ರೇಲಿ ಕೂತಿದ್ದು ಆ ಇಬ್ರೇ, ಕಾಲೇಜ್ ಗ್ಯಾಂಗ್ ಅಲ್ಲ.

ಎಲ್ರೂ ಉಳಿಯಲ್ಲ ಮತ್ತೆ, ಫೋಟೋಗೆ ಮಾತ್ರ ಬರ್ತಿದ್ದೋರು ವಾಟ್ಸಾಪ್ ಗ್ರೂಪ್ ಜೊತೆಗೇ ಹೋದ್ರು. ಸ್ಟೈಪೆಂಡ್ ಮಾತ್ರ ಒಬ್ಬೊಬ್ರೇ ಹೋಗಿ ಕೇಳ್ಬೇಡಿ, ಎಲ್ರ ಹೆಸ್ರೂ ಹಾಕಿ ಒಂದೇ ಮೇಲ್ ಮಾಡಿ, ನಮಗೆ ಹಾಗೆ ಕೇಳಿದ್ಮೇಲೇ ದುಡ್ಡು ಬಂದಿದ್ದು.