ಗುಳಿಗೆಯ ‘ಸಾಲ್ಟ್’ ಅಡುಗೆ ಉಪ್ಪಲ್ಲ

ಪ್ರಶ್ನೆ: ನಮ್ಮ ಅವ್ವನಿಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಈಗ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಬರೆದಿದ್ದಾರೆ. ಮೆಡಿಕಲ್ ಶಾಪ್‌ನಲ್ಲಿ ಆ ಕಂಪನಿಯದು ಇರಲಿಲ್ಲ. ‘ಸಾಲ್ಟ್ ಒಂದೇ ರೀ, ಕಂಪನಿ ಬೇರೆ’ ಅಂತ ಇನ್ನೊಂದು ಕೊಟ್ಟರು. ಸ್ಟ್ರಿಪ್ ಮೇಲೆ ‘ಹೈಡ್ರೋಕ್ಲೋರೈಡ್’ ಅಂತಲೂ ಇದೆ. ‘ಉಪ್ಪಿನ ಗುಳಿಗೆ ನನಗ ಬ್ಯಾಡ’ ಅಂತ ಅವ್ವ ಹಟ ಹಿಡಿದಿದ್ದಾಳೆ. ಏನು ಹೇಳಲಿ ಸರ್?
— ಓದುಗರು, ಸಿಂಧನೂರು

ಉತ್ತರ: ಧೈರ್ಯವಾಗಿ ನುಂಗಲು ಹೇಳಿ. ಬಿ.ಪಿ.ಗೆ ತೊಂದರೆ ಕೊಡುವುದು ಅಡುಗೆ ಉಪ್ಪಿನಲ್ಲಿರುವ ಸೋಡಿಯಂ. ನಿಮ್ಮ ಗುಳಿಗೆಯ ಸಾಲ್ಟ್‌ನಲ್ಲಿ ಸೋಡಿಯಂ ಇಲ್ಲ. ಅಂಗಡಿಯವರು ಸಾಲ್ಟ್ ಅಂದದ್ದು ‘ಒಳಗಿರುವ ಮದ್ದು’ ಅನ್ನುವ ಅರ್ಥದಲ್ಲಿ. ರಸಾಯನಶಾಸ್ತ್ರದಲ್ಲಿ ಆಮ್ಲವೂ ಪ್ರತ್ಯಾಮ್ಲವೂ ಕೂಡಿ ಆದದ್ದೆಲ್ಲ ಲವಣವೇ. ಅಡುಗೆ ಉಪ್ಪು ಅವುಗಳಲ್ಲಿ ಒಂದು, ಅಷ್ಟೇ.

ಹಾಗಾದರೆ ಮದ್ದನ್ನು ಲವಣ ಮಾಡುವುದೇಕೆ? ಕರಗಲಿ ಅಂತ. ಸಿಪ್ರೊಫ್ಲಾಕ್ಸಾಸಿನ್ ಅಣುವಿನ ಒಂದು ತುದಿಯಲ್ಲಿ ಆಮ್ಲವಿದೆ, ಇನ್ನೊಂದು ತುದಿಯಲ್ಲಿ ಪ್ರೋಟಾನ್ (ಆಮ್ಲ ಬಿಟ್ಟುಕೊಡುವ ಪ್ಲಸ್ ಹೈಡ್ರೋಜನ್) ಹಿಡಿಯಬಲ್ಲ ಸಾರಜನಕವಿದೆ. ಬೇರೇನೂ ಸೇರಿಸದಿದ್ದರೆ ಆಮ್ಲದ ಪ್ರೋಟಾನ್ ಹೋಗಿ ಸಾರಜನಕದ ಮೇಲೆ ಕೂರುತ್ತದೆ. ಒಂದೇ ಅಣುವಿನಲ್ಲಿ ಅತ್ತ ಪ್ಲಸ್, ಇತ್ತ ಮೈನಸ್. ಒಂದರ ಪ್ಲಸ್ ಪಕ್ಕದ್ದರ ಮೈನಸ್ಸನ್ನು ಎಳೆದುಕೊಳ್ಳುತ್ತದೆ. ಅಣುಗಳು ಒತ್ತೊತ್ತಾಗಿ ಕೂತುಬಿಡುತ್ತವೆ, ನೀರು ಅವನ್ನು ಬಿಡಿಸುವುದು ಕಷ್ಟ. ಕರಗದ ಮದ್ದು ರಕ್ತಕ್ಕೆ ಸೇರುವುದಿಲ್ಲ ಅಲ್ವಾ?

ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಆಟ ಬದಲಾಗುತ್ತದೆ. ಸಾರಜನಕ ಹೊಸ ಆಮ್ಲದ ಪ್ರೋಟಾನ್ ತೆಗೆದುಕೊಳ್ಳುತ್ತದೆ, ಅಣುವಿನ ಸ್ವಂತ ಆಮ್ಲದ ತುದಿ ತನ್ನದನ್ನು ಉಳಿಸಿಕೊಳ್ಳುತ್ತದೆ. ಅಣುವಿನಲ್ಲಿ ಮೈನಸ್ ಇಲ್ಲದ್ದರಿಂದ ಮೊದಲಿನಷ್ಟು ಒತ್ತಾಗಿ ಕೂರುವುದಿಲ್ಲ, ನೀರು ಸುಲಭವಾಗಿ ಬಿಡಿಸುತ್ತದೆ. ಸ್ಟ್ರಿಪ್ ಮೇಲಿನ ‘ಹೈಡ್ರೋಕ್ಲೋರೈಡ್’ ಅಂದರೆ ಈ ಲವಣವೇ. ಸಾರಜನಕದ ಮೇಲಿನ ಎರಡು ಹೈಡ್ರೋಜನ್‌ಗಳು ಹತ್ತಿರದ ಕ್ಲೋರೈಡ್ (ಪ್ರೋಟಾನ್ ಕೊಟ್ಟ ಮೇಲೆ ಹೊಸ ಆಮ್ಲದಲ್ಲಿ ಉಳಿದ ಮೈನಸ್ ಭಾಗ), ನೀರು ಮುಂತಾದವುಗಳ ಕಡೆ ವಾಲುತ್ತವೆ. ಈ ಸೆಳೆತವೇ ಹೈಡ್ರೋಜನ್ ಬಂಧ. ಸಾರಜನಕಕ್ಕೂ ಕ್ಲೋರೈಡ್‌ಗೂ ನಡುವಿನ ದೂರ ಇಂಥ ಲವಣಗಳಲ್ಲಿ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂ ಆಸುಪಾಸು. ಒಂದು ಆಂಗ್‌ಸ್ಟ್ರಾಂ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು!

ಇಷ್ಟು ಸಣ್ಣದನ್ನು ಅಳೆಯಲು ಮೊದಲು ಒಂದು ಒಳ್ಳೆಯ ಹರಳು ಬೇಕು. ಸಣ್ಣ ಸಕ್ಕರೆ ಕಾಳಿಗಿಂತ ಚಿಕ್ಕದಿದ್ದರೂ ಸಾಕು, ಆದರೆ ಒಡಕಿರಬಾರದು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಇದು ತಾಳ್ಮೆಯ ಕೆಲಸ. ಬೀಕರ್ ತೆರೆದಿಟ್ಟರೆ ದ್ರಾವಣ ಬೇಗ ಆರಿ ತಳದಲ್ಲಿ ಬರೀ ಪುಡಿ ಉಳಿಯುತ್ತದೆ. ಬಾಯಿಗೆ ಹಾಳೆ ಕಟ್ಟಿ, ಸೂಜಿಯಿಂದ ನಾಲ್ಕು ತೂತು ಚುಚ್ಚಿ, ತಂಪಾದ ಮೂಲೆಯಲ್ಲಿಟ್ಟು ಅಲುಗಾಡಿಸದೆ ಬಿಡಬೇಕು. ಒಂದು ಬೆಳಿಗ್ಗೆ ತಳದಲ್ಲಿ ಚೂಪಾದ ಅಂಚಿನ ಹರಳು ಮಿನುಗಿದಾಗ ಆಗುವ ಖುಷಿ ದೊಡ್ಡದು. ಆಮೇಲೆ ಅದಕ್ಕೆ ಎಕ್ಸ್-ರೇ ಹಾಯಿಸಿ, ಚದುರಿ ಬಂದ ಚುಕ್ಕೆಗಳಿಂದ ಅಣುಗಳ ಜಾಗ ಲೆಕ್ಕ ಹಾಕುತ್ತಾರೆ. 1913ರಲ್ಲಿ ಬ್ರಾಗ್ ತಂದೆ-ಮಗ ಈ ದಾರಿಯಲ್ಲಿ ಮೊದಮೊದಲು ಬಿಡಿಸಿದ ರಚನೆಗಳಲ್ಲಿ ನಮ್ಮ ಅಡುಗೆ ಉಪ್ಪೂ ಒಂದು.

ನಿಮ್ಮ ಸ್ಟ್ರಿಪ್ ಮೇಲೆ ‘500 ಮಿ.ಗ್ರಾಂ ಸಿಪ್ರೊಫ್ಲಾಕ್ಸಾಸಿನ್‌ಗೆ ಸಮ’ ಅಂತ ಇದ್ದರೆ, ಒಳಗಿನ ಲವಣ ಸಾಮಾನ್ಯವಾಗಿ 582 ಮಿ.ಗ್ರಾಂ. ಜಾಸ್ತಿ ಇರುವ 82ರಲ್ಲಿ ಸುಮಾರು 55 ಹೈಡ್ರೋಕ್ಲೋರಿಕ್ ಆಮ್ಲದ್ದು, 27 ಹರಳಿನೊಳಗೇ ಕೂತ ನೀರಿನದು.

ಡ್ರಿಪ್ ಬಾಟಲಿಗೆ ಇದೇ ಮದ್ದಿನ ಲ್ಯಾಕ್ಟೇಟ್ ಲವಣ ಬಳಸುತ್ತಾರೆ. ಮೊಸರನ್ನು ಹುಳಿ ಮಾಡುವ ಆಮ್ಲವೇ ಅದರ ಜೊತೆಗಾರ. ಆದರೆ ಕೆಲವು ಬಾಟಲಿಗಳಲ್ಲಿ ಅಡುಗೆ ಉಪ್ಪು ನಿಜವಾಗಿಯೂ ಇರುತ್ತದೆ. ನೀರಿಗೆ ಹಾಕಿದರೆ ನೊರೆಗುಟ್ಟುವ ಗುಳಿಗೆಗಳಲ್ಲಿ ಅಡುಗೆ ಸೋಡಾ ಇರುವುದುಂಟು, ಅದರಲ್ಲೂ ಸೋಡಿಯಂ ಇದೆ. ಅವ್ವನ ಬಿ.ಪಿ. ವಿಷಯ ಅಂಥಲ್ಲಿ ಡಾಕ್ಟರಿಗೆ ತಪ್ಪದೆ ಹೇಳಿ.

ನೀವು ಕೇಳದ ಒಂದು ಮಾತು. ಈ ಅಣುವಿನ ಆಮ್ಲದ ತುದಿಯಲ್ಲಿ ಎರಡು ಆಮ್ಲಜನಕಗಳು ಅಕ್ಕಪಕ್ಕ ಇವೆ. ಹರಳಿನಲ್ಲಿ ಅವು ನಡುವೆ ಒಂದು ಹೈಡ್ರೋಜನ್ ಹಿಡಿದಿರುತ್ತವೆ. ಹೊಟ್ಟೆಯಲ್ಲಿ ಹಾಲು, ಮೊಸರು ಸಿಕ್ಕರೆ ಅದೇ ಜಾಗದಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತವೆ. ಆಗ ಮದ್ದು ಪೂರ್ತಿ ರಕ್ತಕ್ಕೆ ಹೋಗುವುದಿಲ್ಲ. ಅದಕ್ಕೇ ಗುಳಿಗೆಯನ್ನು ನೀರಿನಲ್ಲೇ ನುಂಗಬೇಕು. ಆಂಟಾಸಿಡ್ (ಹೊಟ್ಟೆಯ ಹುಳಿ ತಗ್ಗಿಸುವ ಮದ್ದು) ಬೇಕೆಂದರೆ ಗುಳಿಗೆ ನುಂಗಿ ಕನಿಷ್ಠ ಎರಡು ಗಂಟೆ ಬಿಡಿ. ಆಂಟಾಸಿಡ್ ಮೊದಲೇ ತೆಗೆದುಕೊಂಡಿದ್ದರೆ ಆರು ಗಂಟೆ ಕಾಯಿರಿ.

ಈ ಬಿಸಿಲಲ್ಲಿ ಅವ್ವ ಮಜ್ಜಿಗೆ ಬಿಡಲಿಕ್ಕಿಲ್ಲ. ಗುಳಿಗೆ ನುಂಗಿ ಎರಡು ಗಂಟೆಯಾದ ಮೇಲೆ ಕುಡಿಯಲಿ, ಆದರೆ ಅದಕ್ಕೆ ಉಪ್ಪು ಹಾಕಬೇಡಿ.